ಬಿಡುಗಡೆ ಮತ್ತು ದುಡಿಮೆಯ ನಡುವೆ: ತೂಸೇಂ ಲೂವೆರ್ತ್ಯೂರ್‌ನ ಬದುಕು

ರಾಜಕೀಯ ಕ್ರಾಂತಿಗಳ ಚರಿತ್ರೆಯನ್ನು ನಾಯಕರ ಚರಿತ್ರೆಯನ್ನಾಗಿ ಓದುವ ರೂಢಿ ಹಿಂದಿನಿಂದಲೂ ಇದೆ. ನಾಯಕನು ಕ್ರಾಂತಿಯನ್ನು ರೂಪಿಸುತ್ತಾನೆ, ಕ್ರಾಂತಿಯು ನಾಡನ್ನು ರೂಪಿಸುತ್ತದೆ ಎಂಬ ಗ್ರಹಿಕೆ ಇಂತಹ ಓದಿನ ಹಿಂದಿರುತ್ತದೆ. ಕ್ರಾಂತಿಯೇ ನಾಯಕನನ್ನು ರೂಪಿಸುವ ಹಾಗೂ ಒಂದು ಹಂತದ ನಂತರ ಅವನನ್ನು ಹಿಂದಿಕ್ಕಿ ಮುನ್ನಡೆಯುವ ಪ್ರಕ್ರಿಯೆ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಹೈತಿಯ ಕ್ರಾಂತಿಯ ನಾಯಕ ತೂಸೇಂ ಲೂವೆರ್ತ್ಯೂರ್‌ನ ಬದುಕು ಈ ಪ್ರಕ್ರಿಯೆಯನ್ನು ಅರಿಯಲು ನೆರವಾಗುತ್ತದೆ. ಗುಲಾಮನಾಗಿ ಹುಟ್ಟಿ, ಗುಲಾಮಗಿರಿಯನ್ನು ಅಳಿಸಿದ ಆಡಳಿತದ ಮುಖ್ಯಸ್ಥನಾದ ಈತ, ಬಿಡುಗಡೆ ಹೊಂದಿದ ಜನರನ್ನೇ ಮತ್ತೆ ಕಬ್ಬಿನ ತೋಟಗಳಿಗೆ ಕಟ್ಟಿಹಾಕಿದ್ದು ಈ ಬದುಕಿನ ಮುಖ್ಯ ವೈರುಧ್ಯವಾಗಿದೆ.

ಇಂದಿನ ಹೈತಿಯು ಹದಿನೆಂಟನೆಯ ಶತಮಾನದಲ್ಲಿ ಸೇಂ-ದೊಮಿಂಗ್ ಎಂಬ ಹೆಸರಿನ ಫ್ರೆಂಚ್ ವಸಾಹತಾಗಿತ್ತು. ಯುರೋಪು ಬಳಸುತ್ತಿದ್ದ ಸಕ್ಕರೆ ಮತ್ತು ಕಾಫಿಯ ಬಹುದೊಡ್ಡ ಪಾಲು ಈ ಒಂದು ವಸಾಹತಿನಿಂದಲೇ ಹೋಗುತ್ತಿತ್ತು. 1789ರ ವೇಳೆಗೆ ಇಲ್ಲಿ ಸುಮಾರು ಐದು ಲಕ್ಷ ಗುಲಾಮರಿದ್ದರು. ಬಿಳಿಯರ ಸಂಖ್ಯೆ ಮೂವತ್ತರಿಂದ ನಲವತ್ತು ಸಾವಿರದಷ್ಟಿತ್ತು. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿದ್ದ ಮಿಶ್ರ ಸಂತಾನದವರೂ ಬಿಡುಗಡೆ ಪಡೆದ ಕರಿಯರೂ ಸ್ವತಂತ್ರರೆನಿಸಿದ್ದರೂ ಸಮಾನ ಹಕ್ಕುಗಳಿಂದ ವಂಚಿತರಾಗಿದ್ದರು. ದುಡಿಮೆಯ ಕ್ರೌರ್ಯದಿಂದ ಗುಲಾಮರಲ್ಲಿ ಸಾವಿನ ಪ್ರಮಾಣ ಹುಟ್ಟಿನ ಪ್ರಮಾಣವನ್ನು ಮೀರಿತ್ತು. ಆದ್ದರಿಂದ ಆಫ್ರಿಕಾದಿಂದ ಪ್ರತಿವರ್ಷವೂ ಸಾವಿರಾರು ಜನರನ್ನು ಹಡಗುಗಳಲ್ಲಿ ತುಂಬಿ ತರಲಾಗುತ್ತಿತ್ತು. ಈ ಆರ್ಥಿಕ ರಚನೆಯೇ ತೂಸೇಂನ ಹುಟ್ಟಿನ ಪರಿಸರವೂ ಆಗಿತ್ತು, ಮುಂದೆ ಅವನ ಆಡಳಿತದ ಇಕ್ಕಟ್ಟೂ ಆಯಿತು.

ತೂಸೇಂ ಹುಟ್ಟಿದ್ದು 1743ರ ಸುಮಾರಿಗೆ, ವಸಾಹತಿನ ಉತ್ತರ ಭಾಗದ ಬ್ರೇದಾ ಎಂಬ ತೋಟದಲ್ಲಿ. ದನಕುದುರೆಗಳ ಪಾಲನೆ, ಸಾರೋಟು ನಡೆಸುವುದು, ಗಿಡಮೂಲಿಕೆಯ ಚಿಕಿತ್ಸೆ ಇವು ಅವನಿಗೆ ಒಲಿದಿದ್ದ ವಿದ್ಯೆಗಳು. ಕ್ರಾಂತಿಯ ಹೊತ್ತಿಗೆ ಆತ ಇನ್ನೂ ಗುಲಾಮನಾಗಿದ್ದನೆಂದು ಬಹುಕಾಲ ನಂಬಲಾಗಿತ್ತು. 1977ರಲ್ಲಿ ಪ್ರಕಟವಾದ ದಾಖಲೆಗಳು ಈ ನಂಬಿಕೆಯನ್ನು ಬದಲಿಸಿದವು. 1776ರ ವೇಳೆಗಾಗಲೇ ಆತ ಬಿಡುಗಡೆ ಪಡೆದಿದ್ದನು. ಮುಂದೆ ಕಾಫಿ ತೋಟವೊಂದನ್ನು ಅಲ್ಲಿ ದುಡಿಯುತ್ತಿದ್ದ ಗುಲಾಮರ ಸಮೇತ ಗುತ್ತಿಗೆಗೆ ಪಡೆದಿದ್ದನು. ತೋಟದ ವ್ಯವಸ್ಥೆಯನ್ನು ಕೆಳಗಿನಿಂದಲೂ ಮೇಲಿನಿಂದಲೂ ಕಂಡಿದ್ದ ಈ ಅನುಭವ ಅವನ ಮುಂದಿನ ನಿಲುವುಗಳನ್ನು ವಿವರಿಸುವಲ್ಲಿ ಮುಖ್ಯವಾಗುತ್ತದೆ.

1789ರ ಫ್ರೆಂಚ್ ಕ್ರಾಂತಿಯು ಘೋಷಿಸಿದ ಮನುಷ್ಯ ಹಕ್ಕುಗಳು ಗುಲಾಮರಿಗೂ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆಗೆ ಪ್ಯಾರಿಸ್ ಸ್ಪಷ್ಟ ಉತ್ತರ ನೀಡಲಿಲ್ಲ. 1791ರ ಆಗಸ್ಟ್ ತಿಂಗಳಲ್ಲಿ ಉತ್ತರದ ಬಯಲಿನ ಗುಲಾಮರು ಕಬ್ಬಿನ ಗದ್ದೆಗಳಿಗೂ ಆಲೆಮನೆಗಳಿಗೂ ಬೆಂಕಿಯಿಟ್ಟು ತಮ್ಮ ಉತ್ತರವನ್ನು ತಾವೇ ಕೊಟ್ಟರು. ತೂಸೇಂ ಕೂಡಲೇ ದಂಗೆಯನ್ನು ಸೇರಲಿಲ್ಲ. ಸೇರಿದ ಮೇಲೆಯೂ ಮೊದಲಿಗೆ ಬಿಯಾಸೂ ಎಂಬ ನಾಯಕನ ಪಡೆಯಲ್ಲಿ ವೈದ್ಯನಾಗಿದ್ದನು. ಅದೇ ವರ್ಷದ ಡಿಸೆಂಬರ್‌ನಲ್ಲಿ ದಂಗೆಯ ಮುಖಂಡರು ಸಂಧಾನಕ್ಕೆ ಮುಂದಾದರು. ಕೆಲವು ಮುಖಂಡರಿಗೆ ಮಾತ್ರ ಬಿಡುಗಡೆ ನೀಡಿದರೆ ಉಳಿದವರನ್ನು ತೋಟಗಳಿಗೆ ಮರಳಿಸುವ ಆ ಪ್ರಸ್ತಾಪದಲ್ಲಿ ತೂಸೇಂ ಕೂಡ ಪಾಲುದಾರನಾಗಿದ್ದನು. ತೋಟದ ಒಡೆಯರ ಸಭೆ ಇದನ್ನೂ ತಿರಸ್ಕರಿಸಿತು. ಸಾರ್ವತ್ರಿಕ ಬಿಡುಗಡೆಯ ನಿಲುವನ್ನು ತೂಸೇಂ ಹೊತ್ತು ತಂದದ್ದಲ್ಲ. ಸೋತ ಸಂಧಾನವೂ ಮಣಿಯದ ಜನಸಮೂಹವೂ ಅವನನ್ನು ಆ ನಿಲುವಿಗೆ ತಂದವು ಎಂಬುದನ್ನು ಇಲ್ಲಿ ಗಮನಿಸಬೇಕು.

1793ರ ಆಗಸ್ಟ್ 29ರಂದು ಹೊರಡಿಸಿದ ಘೋಷಣೆಯಲ್ಲಿ ಆತ ಎಲ್ಲರ ಸ್ವಾತಂತ್ರ್ಯ ಮತ್ತು ಸಮಾನತೆಯನ್ನು ತನ್ನ ಗುರಿಯೆಂದು ಸಾರಿದನು. ತೋಟದ ಹೆಸರಾದ ಬ್ರೇದಾವನ್ನು ಬಿಟ್ಟು, ತೆರವು ಎಂಬ ಅರ್ಥದ ಲೂವೆರ್ತ್ಯೂರ್ ಎಂಬ ಹೆಸರನ್ನು ಧರಿಸಿದ್ದೂ ಆಗಲೇ. ಅದೇ ದಿನ ಫ್ರೆಂಚ್ ಆಯುಕ್ತ ಸೋಂತೋನಾಕ್ಸ್ ಉತ್ತರ ಪ್ರಾಂತದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದನು. 1794ರ ಫೆಬ್ರುವರಿ 4ರಂದು ಪ್ಯಾರಿಸ್‌ನ ರಾಷ್ಟ್ರೀಯ ಸಮಾವೇಶವು ಈ ಕ್ರಮವನ್ನು ಎಲ್ಲ ಫ್ರೆಂಚ್ ವಸಾಹತುಗಳಿಗೂ ವಿಸ್ತರಿಸಿತು. ಅಲ್ಲಿಯವರೆಗೆ ಸ್ಪೇನಿನ ಪರವಾಗಿ ಹೋರಾಡುತ್ತಿದ್ದ ತೂಸೇಂ ಆ ವರ್ಷವೇ ಫ್ರೆಂಚ್ ಗಣರಾಜ್ಯದ ಪಕ್ಷಕ್ಕೆ ಬಂದನು. ವಸಾಹತಿನ ಹಲವು ಭಾಗಗಳನ್ನು ಆಕ್ರಮಿಸಿದ್ದ ಬ್ರಿಟಿಷ್ ಸೇನೆ 1798ರಲ್ಲಿ ಅವನೊಡನೆ ಒಪ್ಪಂದ ಮಾಡಿಕೊಂಡು ಹಿಂದೆ ಸರಿಯಿತು. ದಕ್ಷಿಣದ ನಾಯಕ ರಿಗೋನನ್ನು 1800ರಲ್ಲಿ ಸೋಲಿಸಿದ ಮೇಲೆ ಇಡೀ ವಸಾಹತು ಅವನ ಕೈವಶವಾಯಿತು.

ಅಧಿಕಾರ ಕೈಸೇರಿದೊಡನೆ ಎದುರಾದದ್ದು ದುಡಿಮೆಯ ಪ್ರಶ್ನೆ. ಸೇನೆಯನ್ನು ಸಾಕಲು, ಮದ್ದುಗುಂಡುಗಳನ್ನು ಕೊಳ್ಳಲು ಹಣ ಬೇಕಿತ್ತು. ಹಣಕ್ಕೆ ಸಕ್ಕರೆ ಮತ್ತು ಕಾಫಿಯ ರಫ್ತು ಬೇಕಿತ್ತು. ಬಿಡುಗಡೆ ಹೊಂದಿದ ಜನರಿಗಾದರೋ ಸ್ವಾತಂತ್ರ್ಯವೆಂದರೆ ತಮ್ಮದೇ ತುಂಡು ಭೂಮಿಯಲ್ಲಿ ತಮ್ಮ ಅನ್ನವನ್ನು ತಾವು ಬೆಳೆದುಕೊಳ್ಳುವುದಾಗಿತ್ತು. 1800ರ ಅಕ್ಟೋಬರ್‌ನಲ್ಲಿ ತೂಸೇಂ ಹೊರಡಿಸಿದ ಆಜ್ಞೆಯು ತೋಟದ ದುಡಿಮೆಗಾರರನ್ನು ಸೈನಿಕ ಶಿಸ್ತಿಗೆ ಒಳಪಡಿಸಿತು. ಅಪ್ಪಣೆಯಿಲ್ಲದೆ ತೋಟ ಬಿಡುವುದು ಶಿಕ್ಷಾರ್ಹವಾಯಿತು. ಜನರು ಸಣ್ಣ ಹಿಡುವಳಿಗಳನ್ನು ಕೊಳ್ಳದಂತೆ ಮುಂದಿನ ವರ್ಷ ನಿರ್ಬಂಧ ಹೇರಲಾಯಿತು. ದುಡಿದವರಿಗೆ ಉತ್ಪನ್ನದ ನಾಲ್ಕನೆಯ ಒಂದು ಪಾಲು ಸಲ್ಲಬೇಕಿತ್ತು, ಚಾಟಿಗೆ ನಿಷೇಧವಿತ್ತು ಎಂಬುದು ನಿಜ. ಆದರೆ ತೋಟಗಳು ಹಳೆಯ ಬಿಳಿಯ ಒಡೆಯರ ಇಲ್ಲವೇ ಹೊಸ ಕರಿಯ ಸೇನಾಧಿಕಾರಿಗಳ ಕೈಯಲ್ಲಿಯೇ ಉಳಿದವು.

1801ರ ಸಂವಿಧಾನದಲ್ಲಿ ಈ ವೈರುಧ್ಯ ಶಾಸನದ ರೂಪ ಪಡೆಯಿತು. ಗುಲಾಮಗಿರಿ ಶಾಶ್ವತವಾಗಿ ಅಳಿದಿದೆಯೆಂದು ಅದು ಸಾರಿತು. ತೂಸೇಂನನ್ನು ಆಜೀವ ರಾಜ್ಯಪಾಲನನ್ನಾಗಿ ಮಾಡಿ, ಉತ್ತರಾಧಿಕಾರಿಯನ್ನು ಹೆಸರಿಸುವ ಹಕ್ಕನ್ನೂ ನೀಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರದ ತೋಟಗಳ ದುಡಿಮೆಗಾರರು ದಂಗೆಯೆದ್ದರು. ಅವರ ಬಗ್ಗೆ ಸಹಾನುಭೂತಿಯಿದ್ದ ಸೇನಾನಿ ಮೊಯೀಸ್ ಸ್ವತಃ ತೂಸೇಂನ ಸಾಕುಮಗನಂತಿದ್ದ ಬಂಧು. ತೂಸೇಂ ದಂಗೆಯನ್ನು ಕ್ರೂರವಾಗಿ ಅಡಗಿಸಿದನು. ಮೊಯೀಸ್‌ನನ್ನು ಗುಂಡಿಕ್ಕಿ ಕೊಲ್ಲಿಸಿದನು. ಹತ್ತು ವರ್ಷಗಳ ಹಿಂದೆ ಅವನನ್ನು ನಾಯಕನನ್ನಾಗಿ ಮಾಡಿದ ಜನಸಮೂಹ ಮತ್ತು ಅವನ ನಡುವಿನ ನಂಬಿಕೆ ಕಡಿದುಬಿದ್ದದ್ದು ಇಲ್ಲಿಯೇ.

ನೆಪೋಲಿಯನ್ ಕಳುಹಿಸಿದ ಲೆಕ್ಲೇರ್‌ನ ಸೇನೆ 1802ರ ಫೆಬ್ರುವರಿಯಲ್ಲಿ ದಡ ಸೇರಿದಾಗ ಈ ಬಿರುಕು ಬೆಲೆ ಕೇಳಿತು. ದುಡಿಮೆಗಾರರಲ್ಲಿ ಹಲವರು ತೂಸೇಂಗಾಗಿ ಹೋರಾಡಲು ಉತ್ಸಾಹ ತೋರಲಿಲ್ಲ. ಪ್ಯಾರಿಸ್‌ನಲ್ಲಿ ಓದುತ್ತಿದ್ದ ಅವನ ಇಬ್ಬರು ಮಕ್ಕಳನ್ನು ಈ ಸೇನೆಯೊಡನೆಯೇ ಕರೆತರಲಾಗಿತ್ತು. ಇಬ್ಬರಲ್ಲಿ ಮಲಮಗ ಪ್ಲಾಸೀದ್ ತಂದೆಯ ಪಕ್ಷ ವಹಿಸಿದರೆ, ಸ್ವಂತ ಮಗ ಇಸಾಕ್ ಫ್ರಾನ್ಸಿನ ಕಡೆಗೆ ನಿಂತನು. ಮೇ ತಿಂಗಳಲ್ಲಿ ತೂಸೇಂ ಶರಣಾದನು. ಜೂನ್ 7ರಂದು ಮಾತುಕತೆಗೆಂದು ಕರೆಸಿ ಅವನನ್ನು ಸೆರೆಹಿಡಿಯಲಾಯಿತು. ಫ್ರಾನ್ಸಿನ ಜೂರಾ ಬೆಟ್ಟಗಳ ಜೂ ಕೋಟೆಯ ಸೆರೆಯಲ್ಲಿ ಆತ ನೆಪೋಲಿಯನ್‌ಗೆ ಸಲ್ಲಿಸಲು ತನ್ನ ವೃತ್ತಾಂತವನ್ನು ಬರೆದನು. ಅವನ ಕೈಬರಹದ ಪ್ರತಿಯಲ್ಲಿ ಫ್ರೆಂಚ್ ಪದಗಳು ವ್ಯಾಕರಣದ ಶಿಷ್ಟರೂಪವನ್ನು ಬಿಟ್ಟು ಉಚ್ಚಾರಣೆಯನ್ನು ಅನುಸರಿಸಿವೆ. ಅಧಿಕಾರದ ಭಾಷೆಯನ್ನು ಕಿವಿಯಿಂದ ಕಲಿತವನ ಬರಹ ಅದು. 1803ರ ಏಪ್ರಿಲ್ 7ರಂದು ಆತ ಚಳಿ ಮತ್ತು ಅನಾರೋಗ್ಯದಿಂದ ಆ ಕೋಟೆಯಲ್ಲಿಯೇ ಸತ್ತನು.

ನಾಯಕನ ಸೆರೆಯೊಡನೆ ಕ್ರಾಂತಿ ಮುಗಿಯಲಿಲ್ಲ. ಗ್ವಾದೆಲೂಪ್ ದ್ವೀಪದಲ್ಲಿ ಗುಲಾಮಗಿರಿ ಮರಳಿ ಬಂದ ಸುದ್ದಿ ಹರಡುತ್ತಲೇ ಜನರು ಮತ್ತೆ ಎದ್ದರು. ಫ್ರೆಂಚರ ಸೇವೆಗೆ ಸೇರಿದ್ದ ದೆಸ್ಸಲೀನ್ ಮೊದಲಾದ ಸೇನಾನಿಗಳು ಜನರ ಹಿಂದೆ ನಡೆದು ಬಂದರು. 1803ರ ನವೆಂಬರ್‌ನಲ್ಲಿ ವೆರ್ತಿಯೇರ್‌ನಲ್ಲಿ ಫ್ರೆಂಚ್ ಸೇನೆ ಸೋತಿತು. 1804ರ ಜನವರಿ 1ರಂದು ಹೈತಿ ಸ್ವತಂತ್ರವಾಯಿತು. ಹೊಸ ಆಳುವವರೂ ಮೊದಲಿಗೆ ತೋಟದ ದುಡಿಮೆಯನ್ನೇ ಹೇರಿದರು. ಆದರೆ ದಕ್ಷಿಣದ ಗಣರಾಜ್ಯದಲ್ಲಿ ಪೆತಿಯೋನ್ 1809ರಿಂದ ಭೂಮಿ ಹಂಚತೊಡಗಿದನು. ಕ್ರಮೇಣ ಹೈತಿ ಸಣ್ಣ ಹಿಡುವಳಿದಾರರ ನಾಡಾಯಿತು. ಒಡೆಯರ ನಷ್ಟಕ್ಕೆಂದು 1825ರಲ್ಲಿ ಫ್ರಾನ್ಸ್ ಹೇರಿದ 15 ಕೋಟಿ ಫ್ರಾಂಕುಗಳ ಪರಿಹಾರವನ್ನು 1838ರಲ್ಲಿ 9 ಕೋಟಿಗೆ ಇಳಿಸಲಾಯಿತಾದರೂ ಅದರ ಭಾರವನ್ನು ಹೊತ್ತದ್ದು ಈ ರೈತರ ಬೆವರೇ.

ತೂಸೇಂನನ್ನು ವಿಮೋಚಕನೆಂದು ಕೊಂಡಾಡುವ ನಿರೂಪಣೆಯಾಗಲಿ, ಸರ್ವಾಧಿಕಾರಿಯೆಂದು ತಳ್ಳಿಹಾಕುವ ನಿರೂಪಣೆಯಾಗಲಿ ಅವನ ಬದುಕಿಗೆ ಸಾಲುವುದಿಲ್ಲ. ಗುಲಾಮಗಿರಿ ಮರಳದಂತೆ ತಡೆಯಲು ಬಲವಾದ ಸೇನೆ ಬೇಕೆಂಬ ಅವನ ಎಣಿಕೆ ತಪ್ಪಾಗಿರಲಿಲ್ಲ. ಲೆಕ್ಲೇರ್‌ನ ಹಡಗುಗಳು ಅದನ್ನು ಸಾಬೀತುಪಡಿಸಿದವು. ಆ ಸೇನೆಯನ್ನು ಸಾಕಲು ಆತ ಆರಿಸಿಕೊಂಡ ದಾರಿ ಮಾತ್ರ, ಸೇನೆ ಯಾರಿಗಾಗಿ ಇತ್ತೋ ಅವರನ್ನೇ ದೂರ ಮಾಡಿತು. ಬಿಡುಗಡೆಯೆಂದರೆ ಕಾನೂನಿನ ಸ್ಥಾನಮಾನ ಎಂದು ನಾಯಕನು ತಿಳಿದನು. ಬಿಡುಗಡೆಯೆಂದರೆ ಭೂಮಿ ಎಂದು ಜನರು ತಿಳಿದರು. ಹೈತಿಯ ಕ್ರಾಂತಿ ತೂಸೇಂನಿಂದ ಬೇರ್ಪಟ್ಟದ್ದು ಈ ಎರಡು ಅರ್ಥಗಳ ನಡುವಿನ ಅಂತರದಲ್ಲಿಯೇ ಎನ್ನಬಹುದು.