ಹೆಸ್ಸೆಯ ಹಿತ್ತಲು

ಗಂಗಾವತಿಯ ನಮ್ಮ ಮನೆಯ ಹಿತ್ತಲಿಗೆ ನಾನು ಎರಡು ವರ್ಷ ಕಾಲಿಟ್ಟಿರಲಿಲ್ಲ. ಅದು ನನ್ನ ಹೆಂಡತಿಯ ರಾಜ್ಯವಾಗಿತ್ತು. ಆಕೆ ತೀರಿಕೊಂಡ ಮೇಲೆ ಮಲ್ಲಿಗೆಯ ಬಳ್ಳಿ ನುಗ್ಗೆಮರವನ್ನೇರಿತು. ತುಂಬೆ, ಉತ್ತರಾಣಿ, ನೆಲನೆಲ್ಲಿಗಳು ಕಾಲುದಾರಿಯನ್ನೂ ಆಕ್ರಮಿಸಿಕೊಂಡವು. ಹಾವು ಸೇರೀತೆಂದು ನೆರೆಯವರಿಗೆ ಭಯ. ಎಲ್ಲವನ್ನೂ ಕಡಿಸಿ ಶಹಾಬಾದ್ ಫರಸಿ ಹಾಸಿಸೋಣವೆಂದು ಮಗನ ಒತ್ತಾಯ. ನಾನೂ ಒಪ್ಪಿದ್ದೆ. ಹರ್ಮನ್ ಹೆಸ್ಸೆಯ ಬದುಕಿನ ಕಥೆಯನ್ನು ಓದಲು ಹಿಡಿದದ್ದು ಆ ದಿನಗಳಲ್ಲಿ.

‘ಸಿದ್ಧಾರ್ಥ’ ಕಾದಂಬರಿಯಿಂದಾಗಿ ಹೆಸ್ಸೆ ನಮಗೆ ಅಪರಿಚಿತನೇನಲ್ಲ. ಆತನ ತಂದೆ ಯೊಹಾನೆಸ್ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿನಲ್ಲಿ ದುಡಿದು, ಆರೋಗ್ಯ ಕೆಟ್ಟು 1873ರಲ್ಲಿ ಯುರೋಪಿಗೆ ಮರಳಿದವರು. ತಾಯಿ ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ತಂದೆ ಗುಂಡರ್ಟ್ ರಚಿಸಿದ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಇಷ್ಟೆಲ್ಲ ನಂಟಿದ್ದರೂ 1911ರಲ್ಲಿ ಪೂರ್ವದೇಶಗಳಿಗೆ ಹೊರಟ ಹೆಸ್ಸೆ ಸಿಂಹಳ, ಸುಮಾತ್ರಾಗಳನ್ನು ಕಂಡು, ಭಾರತದ ನೆಲವನ್ನು ಮೆಟ್ಟದೆಯೇ ಹಿಂದಿರುಗಿದ.

1877ರಲ್ಲಿ ಜರ್ಮನಿಯ ಕಾಲ್ವ್‌ನಲ್ಲಿ ಹುಟ್ಟಿದ ಈತ ಹದಿನಾಲ್ಕನೆಯ ವಯಸ್ಸಿನಲ್ಲಿ ಮೌಲ್‌ಬ್ರಾನ್‌ನ ಧಾರ್ಮಿಕ ಶಾಲೆಯಿಂದ ಓಡಿಹೋದ. ಕೆಲವೇ ತಿಂಗಳಲ್ಲಿ ಆತ್ಮಹತ್ಯೆಗೆ ಯತ್ನಿಸಿದ. ದಿಕ್ಕುತೋಚದ ತಂದೆತಾಯಿ ಅವನನ್ನು ಸ್ಟೆಟನ್‌ನ ಮನೋರೋಗಿಗಳ ಆಶ್ರಯಧಾಮಕ್ಕೆ ಸೇರಿಸಿದರು. ಅಲ್ಲಿ ಅವನಿಗೆ ವಹಿಸಿದ ಕೆಲಸಗಳು ಎರಡು: ತೋಟದ ದುಡಿಮೆ ಮತ್ತು ಬುದ್ಧಿಮಾಂದ್ಯ ಮಕ್ಕಳಿಗೆ ಪಾಠ ಹೇಳಲು ನೆರವಾಗುವುದು. ಮಣ್ಣು ಮುಟ್ಟಿದೊಡನೆ ಹುಡುಗ ಗುಣವಾದನೆಂದು ಬರೆದರೆ ಅದು ಸುಳ್ಳಾಗುತ್ತದೆ. ಆ ದಿನಗಳಲ್ಲಿ ಅವನು ಮನೆಗೆ ಬರೆದ ಪತ್ರಗಳಲ್ಲಿ ಕೋಪವೇ ಕುದಿಯುತ್ತಿತ್ತು.

1907ರಲ್ಲಿ ಗೈಯೆನ್‌ಹೋಫನ್‌ನಲ್ಲಿ ಮನೆ ಕಟ್ಟಿ, ತಾನೇ ಅಗೆದು ತೋಟ ಮಾಡಿದ. ಐದು ವರ್ಷಗಳಲ್ಲಿ ಅದನ್ನು ಬಿಟ್ಟು ಬರ್ನ್‌ಗೆ ಹೋದ. 1916ರಲ್ಲಿ ತಂದೆಯ ಸಾವು, ಮಗನ ಕಾಯಿಲೆ, ಹೆಂಡತಿಯ ಮಾನಸಿಕ ಅಸ್ವಸ್ಥತೆಗಳೆಲ್ಲ ಒಟ್ಟಿಗೆ ಎರಗಿದಾಗ ಕುಸಿದು, ಯೂಂಗ್‌ನ ಶಿಷ್ಯ ಲಾಂಗ್‌ನ ಚಿಕಿತ್ಸೆಗೆ ಒಳಗಾದ. 1919ರಲ್ಲಿ ಸ್ವಿಟ್ಜರ್ಲೆಂಡಿನ ದಕ್ಷಿಣದ ಮೊಂಟಾನ್ಯೋಲಾ ಎಂಬ ಹಳ್ಳಿಯನ್ನು ಒಬ್ಬಂಟಿಯಾಗಿ ಸೇರಿದ. ಬಾಡಿಗೆಗೆ ಹಿಡಿದ ಕೋಣೆಗಳ ಕೆಳಗೆ ಕಾಡುಬಿದ್ದ ತೋಟವೊಂದಿತ್ತು. ಅದನ್ನು ನೋಡುತ್ತ, ಚಿತ್ರ ಬರೆಯುತ್ತ, ಬರವಣಿಗೆಗೆ ಮರಳಿದ. ‘ಸಿದ್ಧಾರ್ಥ’ 1922ರಲ್ಲಿ ಹೊರಬಂದದ್ದು ಇಲ್ಲಿಂದ.

1931ರಲ್ಲಿ ಬೋಡ್ಮರ್ ಎಂಬ ಗೆಳೆಯ ಅದೇ ಹಳ್ಳಿಯಲ್ಲಿ ಮನೆ ಕಟ್ಟಿಸಿ, ಸುತ್ತಲಿನ ಇಳಿಜಾರು ನೆಲವನ್ನೂ ಸೇರಿಸಿ, ಬದುಕಿರುವವರೆಗೆ ಅನುಭವಿಸಲು ಹೆಸ್ಸೆಗೆ ಬಿಟ್ಟುಕೊಟ್ಟ. ಸ್ವಂತದ್ದಲ್ಲದ ಆ ನೆಲದಲ್ಲಿ ಅವನು ಮೂರು ದಶಕ ದುಡಿದ. ಕಳೆ ಕೀಳುವುದು, ದ್ರಾಕ್ಷಿಬಳ್ಳಿ ಕಟ್ಟುವುದು, ನೀರು ಹೊರುವುದು, ಒಣಗಿದ ಕಸಕ್ಕೆ ಬೆಂಕಿಯಿಟ್ಟು ಅದರ ಬೂದಿಯನ್ನು ಜರಡಿ ಹಿಡಿದು ಮಣ್ಣಿಗೆ ಬೆರೆಸುವುದು ಅವನ ದಿನಚರಿಯಾಯಿತು. ಕಣ್ಣುನೋವಿನಿಂದ ಓದು ಬರಹ ಸಾಗದ ದಿನಗಳಲ್ಲಿ ಈ ಕೆಲಸವೇ ಅವನಿಗೆ ಧ್ಯಾನ. 1935ರಲ್ಲಿ ತಮ್ಮ ಹಾನ್ಸ್ ಆತ್ಮಹತ್ಯೆ ಮಾಡಿಕೊಂಡ. ತೋಟದ ಗಳಿಗೆಗಳನ್ನು ಕುರಿತ ಹೆಸ್ಸೆಯ ನೀಳ್ಗವಿತೆ ಪುಸ್ತಕವಾಗಿ ಬಂದದ್ದು ಮರುವರ್ಷ.

ಇದನ್ನು ಓದುವಾಗ ನನಗೆ ನಮ್ಮ ತಾಲ್ಲೂಕಿನ ಪಂಪಾ ಸರೋವರ ನೆನಪಾಯಿತು. ಆನೆಗೊಂದಿಯ ಬಳಿಯ ಆ ಬೆಟ್ಟಗಳ ನಡುವೆ ಶಬರಿಯ ಗುಹೆಯನ್ನು ತೋರಿಸುತ್ತಾರೆ. ಮತಂಗ ಮುನಿಗಾಗಿ ಹೊರೆ ಹೊತ್ತು ತಂದ ಶಿಷ್ಯರ ಮೈಯಿಂದ ಉದುರಿದ ಬೆವರಹನಿಗಳು ಬಾಡದ ಹೂಗಳಾದವೆಂದು ರಾಮಾಯಣ ಹೇಳುತ್ತದೆ. ತಪಸ್ಸಿನ ಜೊತೆಗೆ ಬೆವರಿನಿಂದಲೂ ಎಂಬುದನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

ಜಗತ್ತು ಹೊತ್ತಿ ಉರಿಯುತ್ತಿದ್ದಾಗ ಹೆಸ್ಸೆ ಟೊಮೆಟೊಗೆ ನೀರು ಹಾಕುತ್ತ ಕುಳಿತನೆಂಬ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ನಾಜಿಗಳ ವಿರುದ್ಧ ಅವನು ಬೀದಿಗಿಳಿಯಲಿಲ್ಲ. ಆದರೆ 1933ರಲ್ಲಿ ಜರ್ಮನಿ ತೊರೆದ ಥಾಮಸ್ ಮನ್, ಬ್ರೆಕ್ಟ್‌ರಂಥವರು ಬಂದದ್ದು ಇದೇ ತೋಟದ ಮನೆಗೆ. 1943ರಲ್ಲಿ ಜ್ಯೂರಿಕ್‌ನಲ್ಲಿ ಪ್ರಕಟವಾದ ‘ಗಾಜಿನ ಮಣಿಯಾಟ’ ಕಾದಂಬರಿ ಬೆಳೆದದ್ದೂ ಇಲ್ಲೇ. ನೊಬೆಲ್ ಬಂದದ್ದು 1946ರಲ್ಲಿ. ನನ್ನ ಮಟ್ಟಿಗೆ ಆಕ್ಷೇಪ ಅರ್ಧ ನಿಜ, ಅಷ್ಟೆ.

ನಾನೀಗ ಬೆಳಗಿನ ಒಂದು ಗಂಟೆ ಹಿತ್ತಲಿನಲ್ಲಿರುತ್ತೇನೆ. ಹೆಸ್ಸೆಯಂತೆ ಕಳೆಯೊಡನೆ ಯುದ್ಧ ಹೂಡಿಲ್ಲ. ನಡೆಯುವಷ್ಟು ದಾರಿ ಬಿಡಿಸಿಕೊಂಡು ಉಳಿದದ್ದನ್ನು ಅದರ ಪಾಡಿಗೆ ಬಿಟ್ಟಿದ್ದೇನೆ. ಅಮೃತಬಳ್ಳಿಯನ್ನು ಹೆಂಡತಿ ಎಲ್ಲಿ ನೆಟ್ಟಿದ್ದಳೆಂಬುದು ಮೊನ್ನೆ ಗೊತ್ತಾಯಿತು. ಹಾವು ಇನ್ನೂ ಕಂಡಿಲ್ಲ. ಮಗ ಫರಸಿಯ ಮಾತೆತ್ತುವುದನ್ನು ಕಡಿಮೆ ಮಾಡಿದ್ದಾನೆ.

1962ರ ಆಗಸ್ಟ್ 9ರ ಬೆಳಿಗ್ಗೆ ಹೆಸ್ಸೆ ನಿದ್ದೆಯಲ್ಲೇ ತೀರಿಕೊಂಡ. ಹಿಂದಿನ ದಿನವಷ್ಟೇ ಒಂದು ಸಣ್ಣ ಕವಿತೆಯನ್ನು ಮೂರನೆಯ ಬಾರಿ ತಿದ್ದಿ ಮುಗಿಸಿದ್ದ. ಅದು ಮುರಿದರೂ ಬೀಳದೆ, ವರ್ಷದಿಂದ ವರ್ಷಕ್ಕೆ ಮರದಲ್ಲೇ ಜೋತಾಡುತ್ತಿದ್ದ ಒಂದು ಕೊಂಬೆಯನ್ನು ಕುರಿತದ್ದು.