ಪರರ ಊರಿಗಾಗಿ ಪ್ರಾಣ ಕೊಟ್ಟ ಯಶವಂತ ಘಾಡಗೆ

ನಮ್ಮ ದೇಶದಲ್ಲಿ ಅನೇಕ ವೀರರು ಆಗಿಹೋಗಿದ್ದಾರೆ. ಅವರಲ್ಲಿ ಯಶವಂತ ಘಾಡಗೆಯವರೂ ಒಬ್ಬರು. ಅವರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಇವರು 1921ರ ನವೆಂಬರ್ 16ರಂದು ಮಹಾರಾಷ್ಟ್ರದ ಈಗಿನ ರಾಯಗಡ ಜಿಲ್ಲೆಯ ಪಳಸಗಾಂವ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಮುಂದೆ ಸೈನ್ಯದ ಮರಾಠಾ ದಳಕ್ಕೆ ಸೇರಿದರು. ಈ ದಳದ ಕೇಂದ್ರ 1922ರಿಂದಲೂ ನಮ್ಮ ಬೆಳಗಾವಿಯಲ್ಲೇ ಇದೆ. ಘಾಡಗೆಯವರು ಅದರಲ್ಲಿ ನಾಯಕ್ ಆದರು. ನಾಯಕ್ ಅಂದರೆ ಒಂದು ಸಣ್ಣ ತುಕಡಿಯ ಮುಂದಾಳು.

ಆಗ ಎರಡನೇ ಮಹಾಯುದ್ಧ ನಡೆದಿತ್ತು. ನಕಾಶೆಯಲ್ಲಿ ಬೂಟಿನ ಹಾಗೆ ಕಾಣುವ ಇಟಲಿ ದೇಶದಲ್ಲಿ, ಗುಡ್ಡದ ಮೇಲೆ, ಮೊಂಟೋನೆ ಎಂಬ ಚಿಕ್ಕ ಊರಿದೆ. ಅದನ್ನು ಜರ್ಮನ್ ಸೈನ್ಯ ಹಿಡಿದು ಕೂತಿತ್ತು. 1944ರ ಜುಲೈ ತಿಂಗಳಲ್ಲಿ ಭಾರತದ ಮತ್ತು ಬ್ರಿಟನ್ನಿನ ಸಿಪಾಯಿಗಳು ಹೋರಾಡಿ ಆ ಊರನ್ನೂ ಸುತ್ತಲಿನ ಗುಡ್ಡಗಳನ್ನೂ ಬಿಡಿಸಿದರು.

ಜುಲೈ 10ರಂದು ಘಾಡಗೆಯವರ ತುಕಡಿಯ ಮೇಲೆ ಹತ್ತಿರದಿಂದಲೇ ಮಷಿನ್‌ಗನ್ ಗುಂಡಿನ ಮಳೆ ಸುರಿಯಿತು. ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಅವರು ಹಿಂದೆ ಸರಿಯಲಿಲ್ಲ. ಒಬ್ಬರೇ ಮುಂದೆ ಓಡಿ ಕೈಬಾಂಬ್ ಎಸೆದು ಆ ಮಷಿನ್‌ಗನ್ನನ್ನೂ ಅದನ್ನು ಹಾರಿಸುವವನನ್ನೂ ಮುಗಿಸಿದರು. ಇನ್ನೊಬ್ಬನಿಗೆ ಗುಂಡು ಹೊಡೆದರು. ಬಂದೂಕಿಗೆ ಮತ್ತೆ ಗುಂಡು ತುಂಬಲು ಪುರಸೊತ್ತು ಸಿಗಲಿಲ್ಲ. ಅದರ ನಳಿಗೆ ಹಿಡಿದು ಉಳಿದ ಇಬ್ಬರನ್ನೂ ಬಡಿದು ಕೆಡವಿದರು. ಅಷ್ಟರಲ್ಲಿ ಮರೆಯಲ್ಲಿದ್ದ ಶತ್ರುಗಳ ಗುಂಡು ತಾಗಿ ಅವರೂ ಅಲ್ಲೇ ಪ್ರಾಣಬಿಟ್ಟರು. ಆಗ ಅವರಿಗೆ ಬರೀ 22 ವರ್ಷ. ಸತ್ತ ಮೇಲೆ ಅವರಿಗೆ ವಿಕ್ಟೋರಿಯಾ ಕ್ರಾಸ್ ಎಂಬ ದೊಡ್ಡ ಪದಕ ಕೊಟ್ಟರು.

ಇಲ್ಲಿ ನನಗೊಂದು ಪ್ರಶ್ನೆ ಬಂತು. ಆಗ ನಮ್ಮ ದೇಶವೇ ಬ್ರಿಟಿಷರ ಕೈಯಲ್ಲಿತ್ತು. ನಮಗೆ ಸ್ವಾತಂತ್ರ್ಯ ಸಿಕ್ಕಿದ್ದು ಅವರು ಸತ್ತು ಮೂರು ವರ್ಷದ ಮೇಲೆ, 1947ರಲ್ಲಿ. ತಮ್ಮ ಮನೆಗೇ ಬೀಗ ಬಿದ್ದಿರುವಾಗ ಪರರ ಮನೆಯ ಬೀಗ ಒಡೆಯಲು ಯಾಕೆ ಹೋಗಬೇಕಿತ್ತು? ಸಂಬಳಕ್ಕಾಗಿ ಹೋದರು ಅಂತ ಯಾರಾದರೂ ಹೇಳಬಹುದು. ಆದರೆ ಜೊತೆಗಾರರೆಲ್ಲ ಬಿದ್ದ ಮೇಲೆ ಒಬ್ಬರೇ ಗುಂಡಿಗೆ ಎದುರಾಗಿ ಓಡುವುದು ಸಂಬಳಕ್ಕಾಗಿ ಆಗುವ ಕೆಲಸ ಅಲ್ಲ ಅಂತ ನನಗೆ ಅನ್ನಿಸುತ್ತದೆ.

2023ರಲ್ಲಿ, ಅಂದರೆ 79 ವರ್ಷದ ಮೇಲೆ, ಮೊಂಟೋನೆಯಲ್ಲಿ ಅವರ ನೆನಪಿಗೆ ಒಂದು ನೆರಳು ಗಡಿಯಾರ ಮಾಡಿದ್ದಾರೆ. ನಾವೆಲ್ಲರೂ ಬಾಳುವುದು ಒಂದೇ ಸೂರ್ಯನ ಕೆಳಗೆ ಎಂಬುದು ಅದರ ಸಂದೇಶ. ಗೆಳೆಯರೇ, ಯಾವುದೋ ದೂರದ ಊರಿನವರು ನೆನಪಿಟ್ಟುಕೊಂಡ ನಮ್ಮ ವೀರನನ್ನು ನಾವೂ ಮರೆಯದಿರೋಣ.

– 7ನೇ ತರಗತಿ