ಕೊಯ್ಯುವ ಮೊದಲು ಒಂದು ಚುಚ್ಚು: ಡಾ. ಹೇಯ್ಸ್ ಮಾರ್ಟಿನ್

ಕಿವಿಯ ಕೆಳಗೆ, ದವಡೆ ತಿರುಗುವ ಜಾಗದಲ್ಲಿ ಬಟಾಣಿಯಷ್ಟು ಒಂದು ಗಂಟು. ನೋವಿಲ್ಲ, ಜ್ವರವಿಲ್ಲ, ಮಂಗನಬಾವೂ ಅಲ್ಲ. ನಾಲ್ಕೈದು ವರ್ಷದಲ್ಲಿ ನಿಂಬೆಹಣ್ಣಿನಷ್ಟಾಗಿದೆ. ಇಂಥವರು ಇವತ್ತು ಆಸ್ಪತ್ರೆಗೆ ಹೋದರೆ ಡಾಕ್ಟರು ಚೀಟಿಯಲ್ಲಿ ನಾಲ್ಕಕ್ಷರ ಗೀಚಿ ಕೊಡ್ತಾರೆ: ಎಫ್‌ಎನ್‌ಎಸಿ. ಸಣ್ಣ ಸೂಜಿ ಚುಚ್ಚಿ, ಒಂದಿಷ್ಟು ಜೀವಕೋಶ ತೆಗೆದು, ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡೋದು, ಅಷ್ಟೆ. ಈ ‘ಅಷ್ಟೆ’ಗಾಗಿ ಹಟ ಹಿಡಿದವರಲ್ಲಿ ಮುಖ್ಯರು ನ್ಯೂಯಾರ್ಕಿನ ಶಸ್ತ್ರವೈದ್ಯ ಹೇಯ್ಸ್ ಮಾರ್ಟಿನ್.

ಮಾರ್ಟಿನ್ ಹುಟ್ಟಿದ್ದು 1892ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. ವೈದ್ಯಕೀಯ ಓದಿದ್ದೂ ಅಲ್ಲೇ. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ ಮುಗಿಸಿ, 1920ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆ ಸೇರಿದರು. ಕ್ಯಾನ್ಸರಿಗೇ ಮೀಸಲಾದ ಆಸ್ಪತ್ರೆ ಅದು. ಆಗ ಅಲ್ಲಿ ರೇಡಿಯಂ, ಎಕ್ಸ್‌ರೇ ಚಿಕಿತ್ಸೆಯ ಭರಾಟೆ. ಆದರೆ ವಿಕಿರಣ ಕೊಡುವ ಮುಂಚೆ ಗಂಟು ಕ್ಯಾನ್ಸರೋ ಅಲ್ಲವೋ ಗೊತ್ತಾಗಬೇಕಲ್ಲ? ಗೊತ್ತಾಗಬೇಕಾದರೆ ಕೊಯ್ದು ಒಂದು ತುಂಡು ತೆಗೀಬೇಕು. ಕೊಯ್ದ ಗಾಯ ವಾಸಿಯಾಗೋವರೆಗೆ ಕಾಯಬೇಕು. ಜೊತೆಗೆ, ಕೊಯ್ದರೆ ರೋಗ ಹರಡೀತು ಎಂಬ ಭಯ. ಆ ಆಸ್ಪತ್ರೆಯ ರೋಗಶಾಸ್ತ್ರದ ದೊಡ್ಡ ಹೆಸರು ಜೇಮ್ಸ್ ಯೂಯಿಂಗ್ ಅವರಿಗೂ ಹೀಗೆ ಕತ್ತರಿಸಿ ನೋಡುವುದು ಅಷ್ಟು ಹಿಡಿಸುತ್ತಿರಲಿಲ್ಲ.

ಮಾರ್ಟಿನ್ ಕಂಡುಕೊಂಡ ದಾರಿಗೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಒಂದು ಸಿರಿಂಜು, ಒಂದು 18 ಗೇಜ್ ಸೂಜಿ. (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣದು; 18 ಅಂದರೆ ಹೊರವ್ಯಾಸ ಸುಮಾರು 1.27 ಮಿ.ಮೀ., ದಪ್ಪವೇ.) ಚರ್ಮವನ್ನು ಮರಗಟ್ಟಿಸಿ, ಬ್ಲೇಡಿನ ತುದಿಯಿಂದ ಸ್ವಲ್ಪ ಗೀರಿ, ಸೂಜಿಯನ್ನು ಗಂಟಿನೊಳಕ್ಕೆ ತೂರಿಸೋದು. ಪಿಸ್ಟನ್ ಎಳೆದು ನಿರ್ವಾತ ಮಾಡಿ, ಎಳೆದ ಹಾಗೇ ಇಟ್ಟುಕೊಂಡು ಸೂಜಿಯನ್ನು ಹಿಂದೆ ಮುಂದೆ ಆಡಿಸೋದು. ಅಂಗಾಂಶವನ್ನು ಕೊರೆಯೋದು ಸೂಜಿಯ ಬಾಯಿ. ಕೊರೆದದ್ದನ್ನು ಹಿಡಿದಿಡೋದು ನಿರ್ವಾತ. ಇಲ್ಲೊಂದು ಮರ್ಮ ಇದೆ: ಸೂಜಿ ಹೊರಗೆಳೆಯುವ ಮೊದಲು ಪಿಸ್ಟನ್ ಬಿಟ್ಟು ಒತ್ತಡ ಸರಿದೂಗಿಸಬೇಕು. ಮರೆತರೆ ಗಾಳಿ ನುಗ್ಗಿ, ಸಿಕ್ಕ ಚೂರೆಲ್ಲ ಸಿರಿಂಜಿನ ಒಳಗೋಡೆಗೆ ಅಂಟಿಕೊಂಡು ಕೈಗೆ ಬರೋದೇ ಇಲ್ಲ.

1930ರಲ್ಲಿ ‘ಆನಲ್ಸ್ ಆಫ್ ಸರ್ಜರಿ’ ಪತ್ರಿಕೆಯಲ್ಲಿ ಈ ವಿಧಾನ ಪ್ರಕಟವಾಯಿತು. ಲೇಖಕರು ಇಬ್ಬರು, ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್. ಈ ಎಲ್ಲಿಸ್ ಡಾಕ್ಟರಲ್ಲ, ರೋಗಶಾಸ್ತ್ರ ಲ್ಯಾಬಿನ ಟೆಕ್ನೀಶಿಯನ್. ಸವರೋದು, ಒಣಗಿಸೋದು, ಬಣ್ಣ ಹಾಕೋದು ಸರಿಯಿಲ್ಲದಿದ್ದರೆ ಎಷ್ಟು ಚುಚ್ಚಿದರೂ ದಂಡ. (ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಲ್ಯಾಬ್ ಸಹಾಯಕರ ಹೆಸರು ಎಲ್ಲಿರುತ್ತೆ, ನೆನಪಿಸಿಕೊಳ್ಳಿ.) 1933ರಲ್ಲಿ ಅದೇ ಆಸ್ಪತ್ರೆಯ ರೋಗಶಾಸ್ತ್ರಜ್ಞ ಫ್ರೆಡ್ ಸ್ಟೀವರ್ಟ್ ಇಂಥ ಸ್ಲೈಡುಗಳನ್ನು ಓದುವುದು ಹೇಗೆ ಅಂತ ಬರೆದರು.

ಕಿವಿಯ ಕೆಳಗಿನ ಗಂಟಿಗೆ ಇದು ಯಾಕೆ ಅಷ್ಟು ಮುಖ್ಯ? ಅಲ್ಲಿರುವ ಪರೋಟಿಡ್ ಎಂಬ ಜೊಲ್ಲುಗ್ರಂಥಿಯ ನಡುವೆಯೇ ಮುಖದ ನರ ಕವಲೊಡೆದು ಹಾದುಹೋಗುತ್ತೆ. ಅದಕ್ಕೆ ಏಟು ಬಿದ್ದರೆ ಕಣ್ಣು ಮುಚ್ಚಲ್ಲ, ಬಾಯಿ ಒಂದು ಕಡೆ ಸೊಟ್ಟಗಾಗುತ್ತೆ. ಪರೋಟಿಡ್ ಗಡ್ಡೆಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಕ್ಯಾನ್ಸರಲ್ಲ. ಹೆಚ್ಚಿನವು ಪ್ಲಿಯೊಮಾರ್ಫಿಕ್ ಅಡಿನೋಮ. ನಿರಪಾಯ ಅಂತ ಸುಮ್ಮನೆ ಕೊಯ್ದು ತುಂಡು ತೆಗೆದರೆ ಅದರ ತೆಳು ಹೊದಿಕೆ ಹರಿದು ಕೋಶಗಳು ಚೆಲ್ಲುತ್ತವೆ. ವರ್ಷಗಳಾದ ಮೇಲೆ ಒಂದರ ಜಾಗದಲ್ಲಿ ಹತ್ತಾರು ಸಣ್ಣ ಗಂಟುಗಳು ಏಳಬಹುದು. ಹಾಗಾಗಿ ನರವನ್ನು ಉಳಿಸಿ, ಸುತ್ತಲಿನ ಗ್ರಂಥಿಯ ಭಾಗದ ಸಮೇತ ಇಡಿಯಾಗಿ ತೆಗೀಬೇಕು. ವಾರ್ಥಿನ್ ಗಡ್ಡೆಯಾದರೆ, ರೋಗಿಗೆ ವಯಸ್ಸಾಗಿದ್ದರೆ, ಆಪರೇಷನ್ನೇ ಬೇಡ ಅನ್ನಬಹುದು. ಲಿಂಫೋಮವಾದರೆ ಮದ್ದೇ ಬೇರೆ. ಇದೆಲ್ಲ ಟೇಬಲ್ ಮೇಲೆ ಮಲಗಿಸೋ ಮೊದಲೇ ಗೊತ್ತಿರಬೇಕಾದ ವಿಷಯ.

ಹಾಗಂತ ಸೂಜಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಕೆಲವು ಗಡ್ಡೆಗಳಿಂದ ಬರೀ ನೀರು ಬರುತ್ತೆ. ಅಡಿನಾಯ್ಡ್ ಸಿಸ್ಟಿಕ್ ಎಂಬ ಕ್ಯಾನ್ಸರು ಸ್ಲೈಡಿನಲ್ಲಿ ಕೆಲವೊಮ್ಮೆ ನಿರಪಾಯದ ಗಡ್ಡೆಯ ಹಾಗೇ ಕಾಣುತ್ತೆ. ಏನೂ ಸಿಗಲಿಲ್ಲ ಅಂದರೆ ಏನೂ ಇಲ್ಲ ಅಂತ ಅರ್ಥ ಅಲ್ಲ.

ಮಾರ್ಟಿನ್ 1934ರಿಂದ ತಲೆ-ಕತ್ತಿನ ವಿಭಾಗದ ಮುಖ್ಯಸ್ಥರಾಗಿದ್ದರು. ಕತ್ತಿನಲ್ಲಿ ಗಂಟು ಬಂದವರಿಗೆ ಮೊದಲು ಬಾಯಿ, ಗಂಟಲು ಪೂರ್ತಿ ಹುಡುಕಿ, ಆಮೇಲೆ ಸೂಜಿ ಹಾಕಿ, ಬೇರೆ ದಾರಿಯೇ ಇಲ್ಲದಾಗ ಕೊಯ್ದು ನೋಡಿ ಅನ್ನೋದು ಅವರ ಕ್ರಮ. 1944ರಲ್ಲಿ ಇದನ್ನು ಬರೆದೂ ಹೇಳಿದರು. ಕತ್ತಿ ಹಿಡಿಯಲು ಅಂಜುವವರೇನೂ ಅಲ್ಲ. 1951ರಲ್ಲಿ 1450 ಕತ್ತಿನ ಆಪರೇಷನ್‌ಗಳ ಲೆಕ್ಕ ಮಂಡಿಸಿದ ಮನುಷ್ಯ.

ಇಷ್ಟಾದರೂ ಅವರ ಸೂಜಿ ಆ ಆಸ್ಪತ್ರೆಯ ಆಚೆ ಅಮೆರಿಕದಲ್ಲಿ ಅಷ್ಟಾಗಿ ಹಬ್ಬಲಿಲ್ಲ. ಒಂದು ಹನಿ ನೋಡಿ ರೋಗ ಹೇಳೋದಕ್ಕೆ ಹೆಚ್ಚಿನ ರೋಗಶಾಸ್ತ್ರಜ್ಞರು ಒಪ್ಪಲಿಲ್ಲ. ಅದನ್ನು ಎತ್ತಿಕೊಂಡವರು ಸ್ವೀಡನ್ನಿನವರು. ಸ್ಟಾಕ್‌ಹೋಮಿನಲ್ಲಿ ಸಿಕ್ಸ್‌ಟನ್ ಫ್ರಾನ್ಸೆನ್, ಯೋಸೆಫ್ ಜಾಯಿಚೆಕ್ ಮತ್ತು ಜೊತೆಗಾರರು ಇನ್ನೂ ಸಣ್ಣ ಸೂಜಿ ಹಿಡಿದರು. ಒಂದೇ ಕೈಯಲ್ಲಿ ಪಿಸ್ಟನ್ ಎಳೆಯುವಂಥ ಹಿಡಿಕೆ ಫ್ರಾನ್ಸೆನ್ ಅವರದು. ಇನ್ನೊಂದು ಕೈ ಗಂಟನ್ನು ಹಿಡಿದುಕೊಳ್ಳೋಕೆ ಬಿಡುವಾಯಿತು. 1960ರ ದಶಕದಲ್ಲಿ ಅವರು 1000 ಜೊಲ್ಲುಗ್ರಂಥಿ ಗಡ್ಡೆಗಳ ಸೂಜಿ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಇಂಥ ಅನುಭವ ಕಂಡ ಮೇಲೆ ಅಮೆರಿಕವೂ ನಿಧಾನಕ್ಕೆ ಸೂಜಿಯ ಕಡೆ ತಿರುಗಿತು.

ಮಾರ್ಟಿನ್ 1977ರಲ್ಲಿ ತೀರಿಕೊಂಡರು. ಈಗ ಜೊಲ್ಲುಗ್ರಂಥಿಗೆ ಸಾಮಾನ್ಯವಾಗಿ ಹಾಕುವುದು 23ರಿಂದ 25 ಗೇಜಿನ ಸೂಜಿ, ಅವರದರ ಅರ್ಧದಷ್ಟು ದಪ್ಪ. ಪಿಸ್ಟನ್ ಬಿಟ್ಟು ಆಮೇಲೆ ಸೂಜಿ ಎಳೆಯುವ ಕ್ರಮ ಮಾತ್ರ ಹಾಗೇ ಇದೆ.